ಕತ್ತಿಗೆ ಕೊಟ್ಟ ಗದ್ದೆ ಎಲ್ಲಿ ಹೋಯಿತು?

ನವೆಂಬರ್ ಬಂತೆಂದರೆ ಹಲ್ಮಿಡಿ ಶಾಸನದ ಹೆಸರು ವೇದಿಕೆ ವೇದಿಕೆಗಳಲ್ಲಿ ಮೊಳಗುತ್ತದೆ. ಕನ್ನಡದ ಪ್ರಾಚೀನತೆಗೆ ಅದು ಸಾಕ್ಷಿ ಎನ್ನುವುದು ಶಾಲಾ ಮಕ್ಕಳಿಗೂ ಗೊತ್ತು. ಆದರೆ ಆ ಕಲ್ಲಿನ ಮೇಲೆ ಬರೆದಿರುವುದು ಏನು ಎಂದು ಕೇಳಿ ನೋಡಿ, ಭಾಷಣ ಮಾಡಿದವರೇ ತಡವರಿಸುತ್ತಾರೆ. 1936ರಲ್ಲಿ ಬೇಲೂರು ತಾಲ್ಲೂಕಿನ ಆ ಹಳ್ಳಿಯಲ್ಲಿ ಡಾ. ಎಂ.ಎಚ್. ಕೃಷ್ಣ ಅವರ ಕಣ್ಣಿಗೆ ಬಿದ್ದ, ಸುಮಾರು ಕ್ರಿ.ಶ. 450ರದ್ದೆಂದು ವಿದ್ವಾಂಸರು ಹೇಳುವ ಆ 16 ಸಾಲುಗಳಲ್ಲಿ ಇರುವುದು ಒಬ್ಬ ಯೋಧನ ಜಮೀನಿನ ದಾಖಲೆ. ಕೇಕಯ-ಪಲ್ಲವರ ವಿರುದ್ಧದ ಕಾಳಗದಲ್ಲಿ ಹೋರಾಡಿದ ವಿಜ ಅರಸನಿಗೆ ಹಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಬಾಳ್ಗಚ್ಚಾಗಿ ಬಿಟ್ಟುಕೊಟ್ಟ ಸಂಗತಿ ಅಲ್ಲಿದೆ. ಗೆದ್ದು ಬಂದವನ ಕತ್ತಿ ತೊಳೆದು ಕೊಡುವ ಬಳುವಳಿ ಅದು. ಕೊಟ್ಟದ್ದನ್ನು ಕಸಿದವನಿಗೆ ಮಹಾಪಾತಕ ಸುತ್ತಿಕೊಳ್ಳುತ್ತದೆ ಎಂಬ ಎಚ್ಚರಿಕೆಯೂ ಜೊತೆಗಿದೆ. ಕಸಿಯುವವರು ಆಗಲೂ ಇದ್ದರು ಅನ್ನಿ.

ಇದನ್ನು ಇಲ್ಲಿ ನೆನೆಯಲು ಕಾರಣವಿದೆ. ‘ನಮ್ಮ ಮುತ್ತಾತ ದಂಡಿನಲ್ಲಿದ್ದರಂತೆ, ರಾಜರು ಮೆಚ್ಚಿ ಊರೇ ಕೊಟ್ಟಿದ್ದರಂತೆ’ ಎಂಬ ಮಾತು ಕರ್ನಾಟಕದ ಎಷ್ಟೋ ಮನೆಗಳಲ್ಲಿದೆ. ಮದುವೆ, ತಿಥಿಗಳಲ್ಲಿ ನಾಲ್ಕು ಜನ ಹಿರಿಯರು ಸೇರಿದರೆ ಮಾತು ಅಲ್ಲಿಗೇ ಹೊರಳುತ್ತದೆ. ಈಗ ಪಹಣಿ ಮೊಬೈಲಿನಲ್ಲೇ ಸಿಗುವ ಕಾಲ. ಮೊಮ್ಮಕ್ಕಳಿಗೆ ಹುಡುಕುವ ಹುಮ್ಮಸ್ಸು ಬಂದಿದೆ. ಹಾಗೆ ಹುಡುಕ ಹೊರಟವರಲ್ಲಿ ಹೆಚ್ಚಿನವರು ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತಾರೆ. ಅವರು ಅಜ್ಜನ ಹೆಸರು ಹಿಡಿದು ನೆಲ ಹುಡುಕುತ್ತಾರೆ. ರಾಜ ಕೊಟ್ಟದ್ದು ಬಹಳಷ್ಟು ಸಲ ನೆಲವೇ ಅಲ್ಲ. ಆ ನೆಲದಿಂದ ಅರಮನೆಗೆ ಬರಬೇಕಿದ್ದ ಕಂದಾಯವನ್ನು.

ಆತಕೂರಿನ ಕಲ್ಲನ್ನೇ ನೋಡಿ. ಮದ್ದೂರು ತಾಲ್ಲೂಕಿನ ಆ ಊರಿನಿಂದ ಬಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ಅದು ಹೆಸರಾಗಿರುವುದು ಕಾಳಿ ಎಂಬ ನಾಯಿಯಿಂದ. ಹಂದಿಯ ಮೇಲೆ ಬಿದ್ದು, ಅದನ್ನು ಕೊಂದು, ತಾನೂ ಸತ್ತ ನಾಯಿ. ಆದರೆ ಅದೇ ಕಲ್ಲಿನಲ್ಲಿ ಎರಡು ಹಂತದ ದತ್ತಿಯಿದೆ. 949ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನ ಪರವಾಗಿ ಕಾದಿದ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಕೃಷ್ಣ ಅವನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಎಂಬ ಸೀಮೆಗಳನ್ನು ಕೊಟ್ಟ. ಬೂತುಗ ತನ್ನ ಬಂಟ ಮಣಲೇರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಕಾದಿಯೂರನ್ನೂ ಬಾಳ್ಗಚ್ಚಾಗಿ ಕೊಟ್ಟ. ಮೆಚ್ಚಿದ್ದೇನೆ, ಬೇಕಾದ್ದು ಕೇಳು ಎಂದಾಗ ಮಣಲೇರ ಮೊದಲು ಬೇಡಿದ್ದು ಮಾತ್ರ ಆ ನಾಯಿಯನ್ನು.

ಬನವಾಸಿ 12000 ಸೀಮೆಯ ರೈತರು ಅಂದು ಬೆಳಿಗ್ಗೆ ಎದ್ದು ನೋಡಿದಾಗ ಅವರ ಗದ್ದೆ ಬೂತುಗನ ಗದ್ದೆ ಆಗಿರಲಿಲ್ಲ. ಉಳುವವರು ಅವರೇ, ಬದುವೂ ಅದೇ. ಸುಗ್ಗಿಯಲ್ಲಿ ಅರಸನ ಪಾಲನ್ನು ಅಳೆದು ಕೊಡಬೇಕಾದ ಕಣ ಮಾತ್ರ ಬದಲಾಗಿತ್ತು. ಮಣಲೇರನ ವಂಶದವರು ಯಾರಾದರೂ ಇಂದು ಬಂದು ಆತಕೂರಿನಲ್ಲಿ ನಮ್ಮ ಜಮೀನು ಎಲ್ಲಿ ಎಂದು ಕೇಳಿದರೆ ತೋರಿಸಲು ಅಲ್ಲಿ ಏನೂ ಇಲ್ಲ, ಎಂದೂ ಇರಲೂ ಇಲ್ಲ.

ಬೇಗೂರಿನ ಕಲ್ಲು ಇದಕ್ಕಿಂತ ಒಂದೆರಡು ತಲೆಮಾರು ಹಿಂದಿನದು. ಗಂಗ ಎರೆಯಪ್ಪನ ಕಾಲದಲ್ಲಿ ನಾಗತ್ತರ ಎಂಬವನು ವೀರಮಹೇಂದ್ರನ ಸೇನೆಯೊಡನೆ ಕಾದಿ ತುಂಬೆಪಾಡಿಯಲ್ಲಿ ಬಿದ್ದ. ಎರೆಯಪ್ಪ ಅವನ ಪಟ್ಟವನ್ನು ಇರುಗ ಎಂಬವನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡು ಎಂಬ ದತ್ತಿಯಾಗಿ ಬಿಟ್ಟುಕೊಟ್ಟ. ಬೆಂಪೂರೇ ಇಂದಿನ ಬೇಗೂರು. ಕಲ್ಲಿನ ಮೇಲೆ ಆನೆ, ಕುದುರೆ, ಉರುಳಿದ ಆಳುಗಳ ನಡುವೆ ಯುದ್ಧ ಇನ್ನೂ ನಡೆಯುತ್ತಿರುವಂತಿದೆ. ಅಕ್ಷರಗಳಲ್ಲಿ ಮಾತ್ರ ಕಂದಾಯ ಇಲಾಖೆಯ ತಣ್ಣನೆಯ ಗಂಭೀರತೆ: ಊರಿನ ಮೇಲೆ ಊರಿನ ಹೆಸರು. ಅವುಗಳಲ್ಲಿ ಇಗ್ಗಲೂರು ಇಂದಿಗೂ ಅದೇ ಹೆಸರಿನಲ್ಲಿ ಆನೇಕಲ್ ತಾಲ್ಲೂಕಿನಲ್ಲಿದೆ. ಸತ್ತವನಿಗಾಗಿ ಬಿಟ್ಟ ಆ ಸೀಮೆಯಲ್ಲಿ ಇಂದು ಅಡಿ ಲೆಕ್ಕದಲ್ಲಿ ಮಾರಾಟ ನಡೆಯುತ್ತಿದೆ.

ನೆಲವೇ ಸಿಕ್ಕ ಯೋಧರು ಇರಲಿಲ್ಲವೇ? ಇದ್ದರು. ಅವರೆಲ್ಲ ಸಣ್ಣವರು. ತುರು ಕದಿಯಲು ಬಂದವರನ್ನು ತಡೆದು ಸತ್ತವರು, ಊರ ಬಾಗಿಲಲ್ಲಿ ನಿಂತು ಇರಿಸಿಕೊಂಡವರು. ಅವರ ಹೆಂಡತಿ ಮಕ್ಕಳ ಅನ್ನಕ್ಕೆಂದು ಊರವರೋ ಒಡೆಯನೋ ಕೊಟ್ಟದ್ದು ನೆತ್ತರುಗೊಡಗೆ. ಇಲ್ಲಿ ಹನ್ನೆರಡು ಊರಿನ ಮಾತಿಲ್ಲ. ಖಂಡುಗ ಬೀಜ ಬೀಳುವಷ್ಟು ಗದ್ದೆ, ಹತ್ತು ಕೊಳಗದ ಬೆದ್ದಲು, ಅದು ಇರುವುದು ಕೆರೆ ಏರಿಯ ಕೆಳಗೆ, ಇಂಥ ಹುಣಸೆಮರದ ತೆಂಕಲಿಗೆ ಎಂಬಂಥ ವಿವರ. ಹುಡುಕುವವರಿಗೆ ಆಸೆ ಇದ್ದರೆ ಇಲ್ಲಿದೆ. ಬಿ.ಎಲ್. ರೈಸ್ 1886ರಲ್ಲಿ ಕೊಡಗಿನ ಶಾಸನಗಳಿಂದ ಶುರು ಮಾಡಿದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಶಾಸನಗಳನ್ನು ಜೋಡಿಸಿರುವುದು ತಾಲ್ಲೂಕುವಾರು, ಊರುವಾರು. ನಿಮ್ಮ ಮೂಲ ಊರು ಗೊತ್ತಿದ್ದರೆ ಸಾಕು, ಅಲ್ಲಿನ ಕಲ್ಲುಗಳು ಏನು ಹೇಳುತ್ತವೆ ಎಂದು ಗ್ರಂಥಾಲಯದಲ್ಲಿ ಕುಳಿತೇ ಓದಬಹುದು.

ಅಲ್ಲಿಂದ ಮುಂದೆ ಹೊಲಕ್ಕೆ ಇಳಿಯಬೇಕು. ವೀರಗಲ್ಲು ಹೊಲದ ಅಂಚಿನಲ್ಲಿ ಅರ್ಧ ಹೂತು ನಿಂತಿರುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದವನು, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತವನು. ಅದರ ಮೇಲೆ ಎಣ್ಣೆ ಜಿಡ್ಡು, ಅರಿಶಿನ, ಕುಂಕುಮ. ಊರವರಿಗೆ ಅವನು ಬೀರಪ್ಪನೋ, ವೀರಣ್ಣನೋ, ಬರೀ ‘ಕಲ್ಲುದೇವ್ರೋ’ ಆಗಿರುತ್ತಾನೆ. ಕೇಳಿದರೆ ಹೊಲದ ಹೆಸರು ಹೇಳುತ್ತಾರೆ: ಕೊಡಗಿ ಗದ್ದೆ, ಮಾನ್ಯದ ಹೊಲ, ವೀರಗಲ್ಲು ಹೊಲ. ಕಡತದಲ್ಲಿ ಇಲ್ಲದ ಈ ಹೆಸರುಗಳು ಬಾಯಿಂದ ಬಾಯಿಗೆ ದಾಟಿ ಉಳಿದಿವೆ. ಮೈಸೂರು ಸೀಮೆಯಲ್ಲಿ ಸರ್ವೆ ಶುರುವಾದದ್ದು 1863ರಲ್ಲಿ, ಚಿತ್ರದುರ್ಗದಿಂದ. ಸರಪಳಿ ಎಳೆದು ನಂಬರು ಹಾಕಿದವರಿಗೆ ಹೊಲದ ಹೆಸರು ಬೇಕಿರಲಿಲ್ಲ. ಹುಣಸೆಮರ ಒಣಗಿತು, ನಂಬರು ಉಳಿಯಿತು. ಶಾಸನಕ್ಕೂ ಸರ್ವೆ ನಂಬರಿಗೂ ನಡುವೆ ಸೇತುವೆಯಾಗುವುದು ಆ ಊರಿನ ಒಬ್ಬ ಮುದುಕನ ನೆನಪು ಮಾತ್ರ. ಹೀಗಾಗಿ ತಾಮ್ರಪಟ, ಸನ್ನದು ಎಂದು ಅಟ್ಟ ಹತ್ತುವ ಮೊದಲು ಅಂಥ ಹಿರಿಯರ ಪಕ್ಕ ಕೂತು ಒಂದು ಮಧ್ಯಾಹ್ನ ಹರಟುವುದು ಒಳ್ಳೆಯದು.

ವಿಜಯನಗರದ ಕಾಲಕ್ಕೆ ಬಂದರೆ ಅಮರನಾಯಕರು. ಇಷ್ಟು ಕುದುರೆ, ಇಷ್ಟು ಆಳು ಸಾಕಿ ಕರೆದಾಗ ದಂಡಿಗೆ ಬರಬೇಕು, ಅದಕ್ಕಾಗಿ ಇಷ್ಟು ಸೀಮೆಯ ಆದಾಯ. ಪಾಳೆಯಗಾರರು ತಮ್ಮ ಆಳುಗಳಿಗೆ ಅದರಲ್ಲೇ ಉಂಬಳಿ ಬಿಟ್ಟರು. ಈ ಕಾಲದ ಮನೆತನಗಳ ಕಥೆ ಬೇಕಿದ್ದವರು ಮೆಕೆಂಜಿಯ ಕೈಫಿಯತ್ತುಗಳನ್ನು ತೆರೆಯಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸರ್ವೆಗೆ ಬಂದ ಕಾಲಿನ್ ಮೆಕೆಂಜಿ ತನ್ನ ಸಹಾಯಕರನ್ನು ಊರೂರಿಗೆ ಕಳಿಸಿ ಶಾನುಭೋಗರ ಬಾಯಲ್ಲಿದ್ದ, ಕವಿಲೆಯಲ್ಲಿದ್ದ ಸಂಗತಿಗಳನ್ನೆಲ್ಲ ಬರೆಸಿಕೊಂಡ. ಡಾ. ಎಂ.ಎಂ. ಕಲಬುರ್ಗಿ ಅವರು ಸಂಪಾದಿಸಿದ್ದರಿಂದ ಕನ್ನಡ ಕೈಫಿಯತ್ತುಗಳು ಇಂದು ಅಚ್ಚಿನಲ್ಲಿ ಸಿಗುತ್ತವೆ. ಅವುಗಳಲ್ಲಿ ಬೊಗಳೆಯೂ ಇದೆ. ತಮ್ಮ ಮೂಲಪುರುಷನ ತಲೆಯ ಮೇಲೆ ಹೆಡೆ ಬಿಚ್ಚಿದ ಸರ್ಪ ಬಹಳ ಮನೆತನಗಳಿಗೆ ಬೇಕು. ಆದರೆ ಯಾರಿಗೆ ಯಾವ ಊರು ಉಂಬಳಿ, ಅದನ್ನು ಯಾರು ಯಾವಾಗ ಅಮಾನಿ ಮಾಡಿ ಸರ್ಕಾರಕ್ಕೆ ಸೇರಿಸಿಕೊಂಡರು ಎಂಬ ಜಾಗ ಬಂದಾಗ ಶಾನುಭೋಗನ ಲೇಖಣಿ ನೆಲಕ್ಕಿಳಿಯುತ್ತದೆ.

ಮೈಸೂರಿನ ಕಂದಾಚಾರದ ಆಳುಗಳನ್ನು ಬಹಳ ಜನ ಮರೆತಿದ್ದಾರೆ. ಹಳ್ಳಿಯಲ್ಲೇ ಇದ್ದು, ಬೇಸಾಯ ಮಾಡಿಕೊಂಡು, ಕರೆ ಬಂದಾಗ ಕತ್ತಿ-ಬಂದೂಕು ಹಿಡಿಯುವವರು. ಸಂಬಳದ ಒಂದು ಭಾಗ ಹಣ, ಒಂದು ಭಾಗ ಹೊಲ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಅವರ ಸಂಖ್ಯೆ 20,000ದ ಆಸುಪಾಸಿನಲ್ಲಿತ್ತು. ‘ನಮ್ಮ ತಾತ ದಂಡಿನಲ್ಲಿದ್ದರು’ ಎನ್ನುವ ಹಳೇ ಮೈಸೂರಿನ ಎಷ್ಟೋ ಮನೆಗಳ ತಾತ ಈ ಕಂದಾಚಾರದವನೇ ಆಗಿರುವ ಸಂಭವ ಹೆಚ್ಚು. ದಂಡನಾಯಕನ ಬದಲು ಕಂದಾಚಾರದ ಆಳು ಸಿಕ್ಕರೆ ಕೆಲವರಿಗೆ ಮುಖ ಸಪ್ಪಗಾಗುತ್ತದೆ. ನನಗಂತೂ ಅವನೇ ಇಷ್ಟ. ನೇಗಿಲನ್ನೂ ಕತ್ತಿಯನ್ನೂ ಒಂದೇ ಜಂತೆಗೆ ಸಿಕ್ಕಿಸಿಟ್ಟವನು ಅವನು.

1860ರ ದಶಕದಲ್ಲಿ ಮೈಸೂರಿನಲ್ಲಿ ಬ್ರಿಟಿಷ್ ಕಮಿಷನರರ ಆಡಳಿತ ಇನಾಮುಗಳ ಲೆಕ್ಕಕ್ಕೆ ಕೈಹಾಕಿತು. ಯಾರ ಬಳಿ ಸನ್ನದಿದೆ, ಎಷ್ಟು ಕಾಲದಿಂದ ಅನುಭವದಲ್ಲಿದೆ ಎಂದು ವಿಚಾರಿಸಿ ಒಪ್ಪಿದವಕ್ಕೆ ಟೈಟಲ್ ಡೀಡ್ ಕೊಟ್ಟರು, ಪೂರ್ತಿ ಕಂದಾಯದ ಬದಲು ‘ಜೋಡಿ’ ಎಂಬ ಸಣ್ಣ ಮೊತ್ತ ಕಟ್ಟಿಸಿಕೊಂಡರು. ಹುಡುಕುವವರಿಗೆ ಗಟ್ಟಿ ನೆಲ ಸಿಗುವುದು ಇಲ್ಲಿಂದ ಈಚೆಗೆ. ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಅದೃಷ್ಟವಿದ್ದರೆ ಈ ಜೋಡಿಯ ಲೆಕ್ಕ ಇರುವ ಕ್ವಿಟ್ ರೆಂಟ್ ರಿಜಿಸ್ಟರ್ ಇರುತ್ತದೆ. ಅಂಚು ಪುಡಿಪುಡಿಯಾದ ಉದ್ದನೆಯ ಪುಸ್ತಕ, ಕಂದು ಶಾಯಿ. ಒಂದೊಂದು ಸಾಲಿನಲ್ಲೂ ಗ್ರಾಮ, ನಂಬರು, ಎಕರೆ-ಗುಂಟೆ, ಇನಾಮಿನ ಬಗೆ, ಡೀಡ್ ನಂಬರು, ಜೋಡಿಯ ರೂಪಾಯಿ-ಆಣೆ-ಪೈ. ಹುಳು ತಿಂದ ತೂತು ಸರಿಯಾಗಿ ಹೆಸರಿನ ಮೇಲೇ ಇರುತ್ತದೆ ಎಂಬುದು ಎಲ್ಲರ ಅನುಭವ. ‘ಹೆಸರು ಹಿಡ್ಕೊಂಡು ಬಂದ್ರೆ ನಾನೇನ್ ಮಾಡ್ಲಿ ಸ್ವಾಮಿ? ಊರು ಹೇಳಿ, ಸರ್ವೆ ನಂಬರ್ ಹೇಳಿ’ ಎಂದು ಅಭಿಲೇಖಾಲಯದ ಗುಮಾಸ್ತರೊಬ್ಬರು ಒಮ್ಮೆ ಗೊಣಗಿದ್ದರು. ಗೊಣಗಿದರೂ ಅವರು ಹೇಳಿದ್ದು ಈ ಕೆಲಸದ ಒಳಗುಟ್ಟು. ಕಂದಾಯ ದಾಖಲೆ ಮನುಷ್ಯರ ಹೆಸರಿನ ಮೇಲೆ ಜೋಡಿಸಿದ್ದಲ್ಲ. ಊರು ಹಿಡಿದು, ನಂಬರು ಹಿಡಿದು, ಆ ನಂಬರಿಗೆ ಪೂರ್ತಿ ಕಂದಾಯವೋ ಜೋಡಿಯೋ ಎಂದು ನೋಡುತ್ತಾ ಹಿಂದಕ್ಕೆ ನಡೆದರೆ ಅಜ್ಜ ತಾನಾಗಿ ಎದುರಾಗುತ್ತಾನೆ.

ಈಚೆಗೆ ನಡೆದರೆ 1954ರ ಮೈಸೂರು ವೈಯಕ್ತಿಕ ಮತ್ತು ಸಂಕೀರ್ಣ ಇನಾಮುಗಳ ರದ್ದತಿ ಕಾಯ್ದೆ ಎದುರಾಗುತ್ತದೆ. ಇನಾಮುದಾರನ ಹಕ್ಕೆಲ್ಲ ಸರ್ಕಾರಕ್ಕೆ ಸೇರಿತು. ಅವನು ಸ್ವತಃ ಸಾಗು ಮಾಡುತ್ತಿದ್ದಷ್ಟು ಅವನ ಹೆಸರಿಗೆ, ಕದೀಂ, ಅಂದರೆ ಹಳೆಯ, ಗೇಣಿದಾರರು ಉಳುತ್ತಿದ್ದುದು ಅವರ ಹೆಸರಿಗೆ. ಅಲ್ಲೂ ಉಳಿದ ಗೇಣಿದಾರರು ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ಬಳಿಕ ಫಾರಂ ನಂಬರ್ 7 ಹಾಕಿ ಭೂ ನ್ಯಾಯಮಂಡಳಿಗೆ ಹೋದರು. ‘ರಾಜರು ಕೊಟ್ಟಿದ್ದನ್ನು ಸರ್ಕಾರ ಕಿತ್ತುಕೊಂಡಿತು’ ಎಂದು ಕೆಲವು ಮನೆಗಳಲ್ಲಿ ಈಗಲೂ ಕೊರಗುತ್ತಾರೆ. ಕಿತ್ತುಕೊಂಡದ್ದು ವಸೂಲಿಯ ಹಕ್ಕನ್ನು. ನೆಲ ಹೋದದ್ದು ಅದರಲ್ಲಿ ಬೆವರು ಸುರಿಸಿದ್ದವರಿಗೆ. ಹಳೆಯ ಸನ್ನದು ತೋರಿಸಿದರೆ ಜಮೀನು ವಾಪಸ್ ಕೊಡಿಸುತ್ತೇವೆ ಎಂದು ಮುಂಗಡ ಕೇಳುವ ದಲ್ಲಾಳಿಗಳೂ ಹುಟ್ಟಿಕೊಂಡಿದ್ದಾರೆ. ಅಂಥವರನ್ನು ಕಂಡರೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡಿ.

ಹಿಂದೆ ಮುಂಬೈ ಕರ್ನಾಟಕ ಎನ್ನುತ್ತಿದ್ದ ಸೀಮೆಯ ಕಥೆ ಇನ್ನೂ ಕಟುವಾದದ್ದು. ಅಲ್ಲಿ ದೊಡ್ಡವರಿಗೆ ಸರಂಜಾಮು ಎಂಬ ಜಹಗೀರು, ಊರು ಕಾಯುವ ಬಂಟರಿಗೆ ಶೇತ್‌ಸನದಿ ಹೊಲ. ಸಂಗೊಳ್ಳಿ ರಾಯಣ್ಣ ಇಂಥ ಶೇತ್‌ಸನದಿ ಮನೆಯವನು. 1824ರಲ್ಲಿ ಕಿತ್ತೂರು ಬಿದ್ದ ಮೇಲೆ ಕಂಪನಿಯವರು ಅವನ ಮನೆತನದ ಇನಾಂ ಹೊಲವನ್ನು ಕಿತ್ತುಕೊಂಡರು, ಉಳಿದದ್ದಕ್ಕೆ ಕಂದಾಯ ಹೇರಿದರು. ಅವನು ದಂಗೆ ಎದ್ದಾಗ ಸುಟ್ಟದ್ದರಲ್ಲಿ ಸರ್ಕಾರಿ ಕಚೇರಿಗಳೂ ಇದ್ದವು, ಕಚೇರಿ ಎಂದರೆ ಕಂದಾಯದ ಕಾಗದ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಲಾವಣಿ ಕಿತ್ತೂರು ರಾಣಿಯ ಮೇಲಿನ ಅವನ ನಿಷ್ಠೆಯನ್ನು ಹಾಡುತ್ತದೆ, ಅದು ನಿಜವೇ. ಆದರೆ ಅಜ್ಜನ ಕತ್ತಿಗೆ ಬಂದ ಹೊಲ ಕೈಬಿಟ್ಟ ಸಂಕಟವನ್ನು ಬಿಟ್ಟು ಅವನ ಸಿಟ್ಟನ್ನು ಅಳೆಯಲಾಗದು.

ಬಳಿಕ 1852ರ ಕಾಯ್ದೆಯ ಬಲದಿಂದ ಇನಾಂ ಕಮಿಷನ್ ಬಂತು. ಸನ್ನದು ತೋರಿಸು, ಇಲ್ಲವೇ ಬಿಡು. ತಲೆತಲಾಂತರದಿಂದ ಉಂಡವರ ಬಳಿ ಕಾಗದ ಎಲ್ಲಿರಬೇಕು? ಗೆದ್ದಲು ತಿಂದಿತ್ತು, ಮಳೆಯಲ್ಲಿ ನೆನೆದಿತ್ತು. ಸಾವಿರಾರು ಇನಾಮುಗಳು ಹೋದವು. 1858ರ ನರಗುಂದದ ಬಂಡಾಯಕ್ಕೆ ಅಲ್ಲಿನ ಅರಸ ಬಾಬಾಸಾಹೇಬನಿಗೆ ದತ್ತು ನಿರಾಕರಿಸಿದ್ದು ಕಾರಣವಾದರೆ, ಸುತ್ತಲಿನ ಅಸಮಾಧಾನಕ್ಕೆ ಈ ಕಮಿಷನ್ ಸೌದೆಯಾಗಿತ್ತು. ಈ ಭಾಗದಲ್ಲಿ ಹುಡುಕುವವರಿಗೆ ಇನ್ನೊಂದು ಗೋಡೆಯಿದೆ. ಕಾಗದ ಸಿಕ್ಕರೂ ಅದು ಮೋಡಿ ಲಿಪಿಯಲ್ಲಿರುತ್ತದೆ, ಆದಿಲ್‌ಶಾಹಿ ಕಾಲದ್ದಾದರೆ ಪಾರಸಿಯಲ್ಲಿ. ಧಾರವಾಡ, ಬೆಳಗಾವಿಯ ವಾಡೆಗಳಲ್ಲಿ ಕೆಂಪು ರುಮಾಲಿನಲ್ಲಿ ಸುತ್ತಿಟ್ಟ ಇಂಥ ಕಟ್ಟುಗಳಿಗೆ ದಸರೆಯಲ್ಲಿ ಪೂಜೆ ಆಗುತ್ತದೆ, ಓದು ಆಗುವುದಿಲ್ಲ. ಮೋಡಿ ಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಇರುವಾಗ ಓದಿಸಿಕೊಂಡುಬಿಡಿ.

ಸೇವೆ, ನೆಲ, ಮನೆತನ ಮೂರೂ ಇಂದಿಗೂ ಒಂದೇ ಗಂಟಿನಲ್ಲಿ ಉಳಿದಿರುವ ಜಾಗ ಕೊಡಗು. ಅಲ್ಲಿನ ಜಮ್ಮಾ ಹಿಡುವಳಿ ಹಾಲೇರಿ ಅರಸರ ಕಾಲದ್ದು. ಕರೆದಾಗ ಕೋವಿ-ಕತ್ತಿ ಹಿಡಿದು ಬರಬೇಕು, ಖಜಾನೆಗೆ ಕಾವಲು ನಿಲ್ಲಬೇಕು, ನಾಡಿನ ಗಲಭೆ ಅಡಗಿಸಬೇಕು. ಅದಕ್ಕೆ ಪ್ರತಿಯಾಗಿ ಒಕ್ಕಕ್ಕೆ, ಅಂದರೆ ಮನೆತನಕ್ಕೆ, ತಲೆತಲಾಂತರದ ಗದ್ದೆ, ಅರ್ಧ ಕಂದಾಯ. 100 ಭಟ್ಟಿ ಅಳತೆಯ ಗದ್ದೆಗೆ ಸಾಮಾನ್ಯ ಸಾಗು ಹಿಡುವಳಿದಾರ 10 ರೂಪಾಯಿ ಕಟ್ಟಿದರೆ ಜಮ್ಮಾದವನು ಕಟ್ಟಿದ್ದು 5. ಗದ್ದೆಗೆ ಅಂಟಿಕೊಂಡ ಬಾಣೆ ಸೊಪ್ಪಿಗೆ, ಸೌದೆಗೆ, ದನ ಮೇಯಿಸಲಿಕ್ಕೆ, ಅದಕ್ಕೆ ಕಂದಾಯವೇ ಇಲ್ಲ. ಜಮ್ಮಾ ನೆಲವನ್ನು ಮಾರುವ ಹಾಗಿರಲಿಲ್ಲ, ಅಡವಿಡುವ ಹಾಗಿರಲಿಲ್ಲ, ಪಾಲು ಮಾಡುವ ಹಾಗಿರಲಿಲ್ಲ. 1811ರಿಂದ 1820ರವರೆಗೆ ಆಳಿದ ಲಿಂಗರಾಜೇಂದ್ರ ಮಾಡಿಸಿದ ಶಿಸ್ತಿನ ಲೆಕ್ಕದಲ್ಲಿ ಇವೆಲ್ಲ ಊರುವಾರು ದಾಖಲಾಗಿವೆ. ಇಲ್ಲಿ ಅರಸ ಕೊಟ್ಟದ್ದು ದೂರದ ಯಾರೋ ಉಳುವ ಊರಿನ ಆದಾಯವನ್ನಲ್ಲ, ಮನೆತನದ ಮೂಲಮನೆಯಾದ ಐನ್‌ಮನೆಯ ಮುಂದಿನ ಗದ್ದೆಯನ್ನು. ಅದಕ್ಕೇ ಅದರ ಜಾಡು ಅಳಿಸಿಲ್ಲ. ಕೊಡವ ಒಕ್ಕದ ಹೆಸರು ಹೇಳಿದರೆ ಐನ್‌ಮನೆ ಸಿಗುತ್ತದೆ, ಐನ್‌ಮನೆ ಸಿಕ್ಕರೆ ಗದ್ದೆ ಸಿಗುತ್ತದೆ.

1834ರಲ್ಲಿ ಅರಸ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿದ ಬ್ರಿಟಿಷರು ಈ ಏರ್ಪಾಡನ್ನು ಮುರಿಯಲಿಲ್ಲ. 1837ರ ಅಮರಸುಳ್ಯದ ದಂಗೆಯಲ್ಲಿ ಅವರ ಪರ ನಿಂತ ಕೊಡವ ಪ್ರಮುಖರಿಗೆ ಚಿನ್ನ, ಬೆಳ್ಳಿಯ ಪದಕ ಕೊಟ್ಟರು. ಅದೇ ವರ್ಷ ಅಕ್ಟೋಬರ್ 31ರಂದು ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೆ ಹಾಕಿದರು. ನಿಮ್ಮ ಅಜ್ಜನಿಗೆ ಯಾವ ಸೇವೆಗೆ, ಯಾರ ವಿರುದ್ಧದ ಸೇವೆಗೆ ನೆಲ ಬಂತು ಎಂಬ ಪ್ರಶ್ನೆಯನ್ನು ಹುಡುಕುವವರು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಕೊಡಗಿನಲ್ಲಿ ಅದು ಪಕ್ಕದ ಮನೆಯವರ ನೆನಪಿನಲ್ಲಿರುತ್ತದೆ.

1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಘೋಷಿಸಿದ. ಅದು ಇಂದಿಗೂ ನಡೆದಿದೆ. ಜನಾಂಗದಿಂದ ಕೊಡವರಿಗೆ, ಜಮ್ಮಾ ಹಿಡುವಳಿಯ ಕಾರಣದಿಂದ ಇತರ ಸಮುದಾಯದವರಿಗೂ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಕೈಲ್‌ಪೊಳ್ದ್‌ನಂದು ಆಯುಧಪೂಜೆಯಲ್ಲಿ ಹೂ ಮುಡಿಯುವ ಕೋವಿ ಎಷ್ಟೋ ಮನೆಗಳಲ್ಲಿ ಜಮ್ಮಾ ದಾಖಲೆಯ ಮೇಲೆ ನಿಂತಿದೆ. ಇನ್ನೂರು ವರ್ಷದ ಹಿಂದೆ ಆಯುಧ ಹಿಡಿಯುವವನಿಗೆ ನೆಲ ಕೊಟ್ಟರು. ಈಗ ನೆಲವಿದೆ ಎಂದು ತೋರಿಸಿದರೆ ಆಯುಧ.

ಆದರೆ ಈ ಗಂಟು ಬಿಗಿಯಾಗಿರುವುದೇ ತಲೆನೋವೂ ಹೌದು. ಜಮ್ಮಾ ನೆಲದ ಪಹಣಿ ತೆಗೆದರೆ ಒಕ್ಕದ ಹಿರಿಯನಾದ ಪಟ್ಟೆದಾರನ ಹೆಸರು ಮೊದಲು ಇರುತ್ತದೆ, ಹಲವು ಕಡೆ ಅವನು ತೀರಿಕೊಂಡು ದಶಕಗಳಾಗಿರುತ್ತವೆ. ಅವನ ಕೆಳಗೆ ಒಕ್ಕದವರ ಸಾಲು. ಒಬ್ಬರು ಮಡಿಕೇರಿಯಲ್ಲಿ, ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಕೆನಡಾದಲ್ಲಿ. ಬ್ಯಾಂಕಿನವರು ಸಾಲಕ್ಕೆ ಎಲ್ಲರ ಸಹಿ ಕೇಳುತ್ತಾರೆ. ಸೊಪ್ಪು-ಸೌದೆಯ ಬಾಣೆಯಲ್ಲಿ ಕಾಫಿ ಬಂದಾಗಿನಿಂದ ಆ ಬಾಣೆಯ ಒಡೆತನ ಯಾರದ್ದು, ಮರ ಯಾರದ್ದು ಎಂಬ ಜಗಳ ಹೈಕೋರ್ಟಿನವರೆಗೂ ಹೋಯಿತು. 1964ರ ಭೂಕಂದಾಯ ಕಾಯ್ದೆಗೆ 2011ರಲ್ಲಿ ವಿಧಾನಮಂಡಲ ತಿದ್ದುಪಡಿ ಮಾಡಬೇಕಾಯಿತು. ಅರಸ ಒಕ್ಕಕ್ಕೆ ಕೊಟ್ಟದ್ದನ್ನು ಸರ್ಕಾರದ ಕಂಪ್ಯೂಟರ್ ವ್ಯಕ್ತಿಗಳ ಕಾಲಂನಲ್ಲಿ ತುಂಬಲು ಹೆಣಗುತ್ತಿದೆ.

ಯೋಧರಿಗೆ ನೆಲ ಕೊಡುವ ಪದ್ಧತಿ ನಿಂತೇನೂ ಇಲ್ಲ. 1969ರ ಭೂಮಂಜೂರಾತಿ ನಿಯಮಗಳಲ್ಲಿ ಸೈನಿಕರಿಗೆ, ಮಾಜಿ ಸೈನಿಕರಿಗೆ ಶೇ 10ರಷ್ಟು ಮೀಸಲಿದೆ. 1962, 1965, 1971ರ ಯುದ್ಧ ಕಂಡು ಊರಿಗೆ ಮರಳಿ, ಡಿಸ್ಚಾರ್ಜ್ ಪುಸ್ತಕ ಹಿಡಿದು ದರಖಾಸ್ತು ಹಾಕಿದವರ ಮಕ್ಕಳು ಈಗ ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದಾರೆ. ಅವರ ಹುಡುಕಾಟ ಶಾಸನ ಹುಡುಕುವವರದ್ದಕ್ಕಿಂತ ಸುಲಭ ಎಂದುಕೊಂಡರೆ ತಪ್ಪು. ಅಪ್ಪನ ಟ್ರಂಕಿನಲ್ಲಿ ಸಾಗುವಳಿ ಚೀಟಿ ಸಿಗುತ್ತದೆ. ಗೋಮಾಳದ ಒಂದು ದೊಡ್ಡ ನಂಬರಿನಲ್ಲಿ ಎರಡೋ ನಾಲ್ಕೋ ಎಕರೆ. ಆದರೆ ನಂಬರನ್ನು ಒಡೆದು ಬೇರೆ ಮಾಡುವ ಪೋಡಿ ಆಗಿಲ್ಲ, ದುರಸ್ತಿ ಆಗಿಲ್ಲ. ಪಹಣಿಯಲ್ಲಿ ನಂಬರಿನ ಪಕ್ಕ ‘ಪಿ’ ಎಂದಿರುತ್ತದೆ, ನಕ್ಷೆಯಲ್ಲಿ ಗೆರೆ ಇರುವುದಿಲ್ಲ. ಅಪ್ಪನ ನೆಲ ಆ ದೊಡ್ಡ ನಂಬರಿನೊಳಗೆ ಎಲ್ಲೋ ಇದೆ, ಎಲ್ಲಿ ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ.

ಅಂಥವರು ಮೊದಲು ನೋಡಬೇಕಾದ್ದು ಮೂರು: ಮಂಜೂರಾತಿ ಕಡತ, ದರಖಾಸ್ತು ರಿಜಿಸ್ಟರಿನಲ್ಲಿ ಅದರ ನಮೂದು, ಕಿಮ್ಮತ್ತು ಕಟ್ಟಿದ ರಸೀದಿ. ಮೂಲ ಕಡತ ಸಿಗದಿದ್ದರೆ ಕೈಬರಹದ ಪಹಣಿಯ ಹಳೆಯ ಪ್ರತಿ, ಮ್ಯುಟೇಶನ್ ನಂಬರು. ಅವನ್ನು ಜೋಡಿಸಿ ಪೋಡಿಗೆ ಅರ್ಜಿ ಕೊಟ್ಟರೆ ಸರ್ವೆಯರ್ ಬರುತ್ತಾರೆ, ಅಕ್ಕಪಕ್ಕದವರಿಗೆ ನೋಟಿಸ್ ಹೋಗುತ್ತದೆ, ಅಳತೆಯ ದಿನ ಎಲ್ಲರೂ ಬಂದು ನಿಲ್ಲುತ್ತಾರೆ. ಅಪ್ಪನ ಜೊತೆ ಅದೇ ಗೋಮಾಳದಲ್ಲಿ ಮಂಜೂರಾದ ಬೇರೆಯವರ ಮಕ್ಕಳೂ ತಮ್ಮ ತಮ್ಮ ಚೀಟಿ ಹಿಡಿದು ಬಂದಿರುತ್ತಾರೆ. ಚೀಟಿಗಳನ್ನು ಕೂಡಿಸಿದರೆ ಎಕರೆ ನಂಬರಿಗಿಂತ ಹೆಚ್ಚಾಗುವುದೂ ಉಂಟು.